ಆರೋಗ್ಯ ವಿಚಾರ: ಆಳವನ್ನು ಕಾಣುವ ಕಣ್ಣು, ಅಭ್ಯಾಸವನ್ನು ಬೇಡುವ ಕೈ

ಒಂದು ಕಣ್ಣನ್ನು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಯತ್ನಿಸಿದವರಿಗೆ ನಮ್ಮ ಈ ತಿಂಗಳಿನ ವಿಷಯವು ಅರ್ಧದಷ್ಟು ಆಗಲೇ ತಿಳಿದಿರುವುದು. ದಾರದ ತುದಿಯು ಸೂಜಿಯ ಕಣ್ಣಿಗೆ ನೇರವಾಗಿಯೇ ಇರುವಂತೆ ತೋರುವುದು. ಆದರೂ ಅದು ಕಣ್ಣಿನ ಮುಂದೆಯೋ ಹಿಂದೆಯೋ ಹಾದುಹೋಗುವುದು. ಇದರ ಕಾರಣವು ಸ್ಪಷ್ಟವಾಗಿದೆ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ೬ ಸೆಂಟಿಮೀಟರುಗಳ ಅಂತರವಿರುವುದರಿಂದ, ಎಡಗಣ್ಣು ಕಾಣುವ ಚಿತ್ರಕ್ಕೂ ಬಲಗಣ್ಣು ಕಾಣುವ ಚಿತ್ರಕ್ಕೂ ಅಲ್ಪಸ್ವಲ್ಪ ಭೇದವುಂಟು. ಆ ಭೇದವನ್ನು ಹಿಡಿದೇ ಮಿದುಳು ವಸ್ತುಗಳ ಹತ್ತಿರ ದೂರಗಳನ್ನು ಸೂಕ್ಷ್ಮವಾಗಿ ಗ್ರಹಿಸುವುದು. ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ ಮಹಾಶಯನು ೧೮೩೮ರಲ್ಲಿ ಈ ತತ್ತ್ವವನ್ನು ವಿವರಿಸಿ, ಎರಡು ಚಪ್ಪಟೆ ಚಿತ್ರಗಳಿಂದ ಆಳವುಳ್ಳ ಒಂದೇ ನೋಟವನ್ನು ತೋರಿಸುವ ಯಂತ್ರವನ್ನು ಪ್ರಕಟಪಡಿಸಿದನು. ಈ ಸಂಗತಿಯೇ ಇಂದು ಶಸ್ತ್ರವೈದ್ಯವನ್ನು ಕಲಿಯುವ ತರುಣರಿಗೂ, ಅವರ ಕೈಗೆ ದೇಹವನ್ನೊಪ್ಪಿಸುವ ರೋಗಿಗಳಿಗೂ ಮುಖ್ಯವಾದ ವಿಚಾರವಾಗಿ ಪರಿಣಮಿಸಿದೆ.

ಉದರವನ್ನು ಉದ್ದಕ್ಕೂ ಕೊಯ್ಯದೆ, ಮೂರು ನಾಲ್ಕು ಕಿರುರಂಧ್ರಗಳ ಮೂಲಕ ನಡೆಸುವ ಶಸ್ತ್ರಕ್ರಿಯೆಗೆ ಲ್ಯಾಪರೋಸ್ಕೋಪಿ ಎಂಬ ಹೆಸರು ನಮ್ಮ ಮನೆಮಾತಿನಲ್ಲಿಯೂ ಬಂದು ಸೇರಿದೆ. ಮೊದಲು ಹೊಟ್ಟೆಯೊಳಕ್ಕೆ ಇಂಗಾಲಾಮ್ಲ ವಾಯುವನ್ನು ತುಂಬಿ ಕೆಲಸಕ್ಕೆ ಸ್ಥಳ ಮಾಡಿಕೊಳ್ಳುವರು. ಒಂದು ರಂಧ್ರದಲ್ಲಿ ಸುಮಾರು ೧೦ ಮಿಲಿಮೀಟರು ದಪ್ಪದ ದರ್ಶಕ ನಳಿಗೆಯನ್ನೂ, ಉಳಿದವುಗಳಲ್ಲಿ ನೀಳವಾದ ಕತ್ತರಿ ಚಿಮಟಗಳನ್ನೂ ಇಳಿಸುವರು. ವೈದ್ಯನು ದೃಷ್ಟಿಯಿಡುವುದು ರೋಗಿಯ ಒಡಲಿನ ಮೇಲಲ್ಲ, ಎದುರಿನ ಪರದೆಯ ಮೇಲೆ. ಜರ್ಮನಿಯ ಬೋಬ್ಲಿಂಗೆನ್ ಪಟ್ಟಣದಲ್ಲಿ ಎರಿಖ್ ಮ್ಯೂಹೆ ಎಂಬ ವೈದ್ಯನು ೧೯೮೫ರಲ್ಲಿ ಈ ವಿಧಾನದಿಂದ ಮೊದಲ ಬಾರಿಗೆ ಪಿತ್ತಕೋಶವನ್ನು ತೆಗೆದನು. ನಮ್ಮ ದೇಶದಲ್ಲಿ ೧೯೯೦ರಲ್ಲಿ ಮುಂಬಯಿಯ ಡಾಕ್ಟರ್ ತೆಹೆಂಟನ್ ಉದ್ವಾಡಿಯಾ ಅವರು ಇದನ್ನು ನೆರವೇರಿಸಿದರು. ಗಾಯವು ಕಿರಿದು, ನೋವು ಕಡಿಮೆ, ಮನೆಗೆ ಮರಳುವುದು ಬೇಗ. ಆದುದರಿಂದ ಈ ಪದ್ಧತಿಯು ಎಲ್ಲೆಡೆಯೂ ಹರಡಿತು.

ಆದರೆ ರೋಗಿಗೆ ದೊರೆತ ಈ ಸುಖಕ್ಕೆ ವೈದ್ಯನು ಬೆಲೆ ತೆರಬೇಕಾಗಿದೆ. ಮೊದಲನೆಯದಾಗಿ, ಸಾಧಾರಣ ದರ್ಶಕ ನಳಿಗೆಯು ಒಕ್ಕಣ್ಣಿನದು; ಪರದೆಯ ಮೇಲಿನ ಚಿತ್ರವು ಗೋಡೆಯ ಪಟದಂತೆ ಚಪ್ಪಟೆಯಾಗಿರುವುದು. ಎರಡನೆಯದಾಗಿ, ಏತದ ಮರದ ಒಂದು ತುದಿಯು ತಗ್ಗಿದಾಗ ಇನ್ನೊಂದು ಏರುವಂತೆ, ಹೊರಗೆ ಕೈಯು ಬಲಕ್ಕೆ ಸರಿದರೆ ಒಳಗೆ ಉಪಕರಣದ ಮೊನೆಯು ಎಡಕ್ಕೆ ಸರಿಯುವುದು. ಮೂರನೆಯದಾಗಿ, ಬೆರಳಿನಿಂದ ಮುಟ್ಟಿ ತಿಳಿಯುವ ಅನುಕೂಲವಿಲ್ಲ. ನುರಿತವನು ನೆರಳು, ಗಾತ್ರ, ಒಂದರ ಮರೆಗೆ ಇನ್ನೊಂದು ಬರುವ ಬಗೆ ಮೊದಲಾದ ಕುರುಹುಗಳಿಂದ ಆಳವನ್ನು ಊಹಿಸಿಕೊಳ್ಳುವನು. ಹೊಸಬನಿಗೆ ಆ ಊಹೆಯು ಇನ್ನೂ ಸಿದ್ಧಿಸಿರುವುದಿಲ್ಲ.

ಊಹೆ ತಪ್ಪಿದರೆ ಆಗುವ ಕೇಡು ಅಲ್ಪವಲ್ಲ. ಪಿತ್ತಕೋಶವನ್ನು ತೆಗೆಯುವಾಗ ಅದರಿಂದ ಹೊರಡುವ ಕಿರುನಾಳವನ್ನು ಕತ್ತರಿಸಬೇಕು. ಯಕೃತ್ತಿನಿಂದ ಕರುಳಿಗೆ ಪಿತ್ತರಸವನ್ನೊಯ್ಯುವ ಮುಖ್ಯನಾಳಕ್ಕೆ ಧಕ್ಕೆ ತರಕೂಡದು. ಇವೆರಡೂ ಒಂದನ್ನೊಂದು ಕೂಡಿಕೊಂಡೇ ಇರುವುವು. ಮುಖ್ಯನಾಳವು ತುಂಡಾದರೆ, ಕೆಲವೇ ದಿನಗಳಲ್ಲಿ ಮನೆಗೆ ಬರಬೇಕಾದ ರೋಗಿಯು ತಿಂಗಳುಗಟ್ಟಲೆ ನರಳಬೇಕಾದೀತು. ಅಮೆರಿಕದ ಡಾಕ್ಟರ್ ಲಾರೆನ್ಸ್ ವೇ ಮತ್ತು ಅವರ ಸಂಗಡಿಗರು ಇಂತಹ ೨೫೨ ಅಪಾಯಗಳನ್ನು ಪರಿಶೋಧಿಸಿ ೨೦೦೩ರಲ್ಲಿ ವರದಿಯನ್ನು ಪ್ರಕಟಿಸಿದರು. ನೂರಕ್ಕೆ ೯೭ ಪ್ರಸಂಗಗಳಲ್ಲಿ ಮೂಲಕಾರಣವು ದೃಷ್ಟಿಭ್ರಮೆಯೆಂದೂ, ಕೈಯ ಕುಶಲತೆಯ ಕೊರತೆಯು ಅತ್ಯಲ್ಪವೆಂದೂ ಅವರು ಕಂಡರು. ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ಬಗೆಯುವಂತೆ, ವೈದ್ಯನು ಒಂದು ನಾಳವನ್ನು ಮತ್ತೊಂದೆಂದು ನಿಶ್ಚಯಿಸಿಕೊಂಡಿದ್ದನು.

ಚಪ್ಪಟೆ ಚಿತ್ರದ ಕೊರತೆಯನ್ನು ನೀಗಲು ಮೂರು ಆಯಾಮದ ದರ್ಶಕವು ಬಂದಿದೆ. ಒಂದೇ ನಳಿಗೆಯಲ್ಲಿ ಎರಡು ದೃಷ್ಟಿಮಾರ್ಗಗಳನ್ನು ಅಳವಡಿಸಿ, ಪರದೆಯ ಮೇಲೆ ಎರಡು ಚಿತ್ರಗಳನ್ನು ಮೂಡಿಸುವರು. ಸಿನಿಮಾ ಮಂದಿರದಲ್ಲಿ ಇಂತಹ ಚಿತ್ರಗಳಿಗೆ ಕೊಡುವಂತಹ ಕನ್ನಡಕವನ್ನು ವೈದ್ಯನು ಧರಿಸಿದರೆ, ಒಂದೊಂದು ಕಣ್ಣಿಗೆ ಅದರದರ ಚಿತ್ರವೇ ಸೇರಿ ಆಳವು ಕಾಣಿಸುವುದು. ಈ ಸಾಧನಕ್ಕೆ ಮೊದಮೊದಲು ಯಶಸ್ಸು ದೊರೆಯಲಿಲ್ಲ. ಸ್ಕಾಟ್ಲೆಂಡಿನ ಡಂಡೀ ನಗರದಲ್ಲಿ ಪಿತ್ತಕೋಶದ ಶಸ್ತ್ರಕ್ರಿಯೆಗಳನ್ನು ಎರಡು ಬಗೆಯ ಚಿತ್ರಗಳಿಂದಲೂ ನಡೆಸಿ ಹೋಲಿಸಿದವರು, ಕಾಲದಲ್ಲಾಗಲಿ ತಪ್ಪುಗಳಲ್ಲಾಗಲಿ ವ್ಯತ್ಯಾಸವಿಲ್ಲವೆಂದು ೧೯೯೮ರಲ್ಲಿ ತಿಳಿಸಿದರು. ಅಂದಿನ ಯಂತ್ರಗಳಿಂದ ತಲೆನೋವೂ ಕಣ್ಣಿನ ಆಯಾಸವೂ ಉಂಟಾಗುತ್ತಿದ್ದುವು. ಅನಂತರ ಚಿತ್ರವು ನಿರ್ಮಲವಾಯಿತು, ಕನ್ನಡಕವು ಹಗುರವಾಯಿತು. ಆ ಬಳಿಕ ನಡೆದ ಪರೀಕ್ಷೆಗಳಲ್ಲಿ ಬಹುಮಟ್ಟಿಗೆ, ಅಭ್ಯಾಸದ ಪೆಟ್ಟಿಗೆಯಲ್ಲಿ ಉಂಗುರ ಸಾಗಿಸುವ, ಹೊಲಿಗೆ ಹಾಕುವ ಕೆಲಸಗಳನ್ನು ಹೊಸಬರು ಮೂರು ಆಯಾಮದ ಚಿತ್ರದಲ್ಲಿ ಬೇಗನೆಯೂ ಕಡಿಮೆ ತಪ್ಪುಗಳಿಂದಲೂ ಮಾಡಿದುದು ಕಂಡುಬಂದಿದೆ.

ಹಾಗೆಂದು ಈ ಕನ್ನಡಕವೇ ಸಕಲ ದೋಷಗಳಿಗೂ ಪರಿಹಾರವೆಂದು ತಿಳಿಯಲಾಗದು. ಮೆಳ್ಳೆಗಣ್ಣಿನಿಂದಲೋ ಒಂದು ಕಣ್ಣಿನ ಬಲಹೀನತೆಯಿಂದಲೋ ಎರಡು ಚಿತ್ರಗಳನ್ನು ಕೂಡಿಸಿಕೊಳ್ಳಲಾರದವರು ಉಂಟು; ಅವರಿಗೆ ಇದರಿಂದ ಲಾಭವಿಲ್ಲ. ಇಂತಹ ಯಂತ್ರವು ಎಲ್ಲ ಆಸ್ಪತ್ರೆಗಳಲ್ಲಿಯೂ ಇಲ್ಲದಿರುವುದರಿಂದ, ಕಲಿಯುವವನು ಚಪ್ಪಟೆ ಚಿತ್ರದಲ್ಲಿಯೂ ಕೈಯನ್ನು ಪಳಗಿಸಿಕೊಳ್ಳಲೇಬೇಕು. ಇವೆರಡಕ್ಕಿಂತಲೂ ಮುಖ್ಯವಾದುದು ಇನ್ನೊಂದುಂಟು. ನಾಳವು ಎಷ್ಟು ಆಳದಲ್ಲಿದೆ ಎಂಬುದನ್ನು ಯಂತ್ರವು ತೋರಿಸೀತು. ಅದು ಯಾವ ನಾಳ ಎಂಬುದನ್ನು ವೈದ್ಯನೇ ನಿರ್ಣಯಿಸಬೇಕು. ಸಂದೇಹವಿರುವಾಗ ಕತ್ತರಿಯನ್ನು ತಡೆಯುವ ವಿವೇಕವನ್ನು ಯಾವ ಕನ್ನಡಕವೂ ಕೊಡಲಾರದು.

ಆದುದರಿಂದ ನಮ್ಮ ಅಭಿಪ್ರಾಯದಲ್ಲಿ ಈ ಸಾಧನದ ನಿಜವಾದ ಬೆಲೆಯಿರುವುದು ಪಾಠಶಾಲೆಯಲ್ಲಿ. ಕಲಿಯುವವನು ತಪ್ಪದೆ ಇರಲಾರನು. ಆ ತಪ್ಪುಗಳು ಎಲ್ಲಿ ಆಗಬೇಕು ಎಂಬುದೇ ಪ್ರಶ್ನೆ. ನಮ್ಮ ಸುಶ್ರುತಾಚಾರ್ಯರು ಇದನ್ನು ಚೆನ್ನಾಗಿ ಅರಿತಿದ್ದರು. ಕುಂಬಳ, ಸೋರೆ, ಸೌತೆಗಳಲ್ಲಿ ಛೇದನವನ್ನೂ, ತಾವರೆಯ ದಂಟಿನಲ್ಲಿ ಸಿರಾವೇಧವನ್ನೂ, ಬಟ್ಟೆ ಮತ್ತು ಮೃದುವಾದ ಚರ್ಮಗಳಲ್ಲಿ ಹೊಲಿಗೆಯನ್ನೂ ಶಿಷ್ಯನಿಗೆ ಮಾಡಿಸಬೇಕೆಂದು ಅವರ ಸಂಹಿತೆಯು ವಿಧಿಸುವುದು. ಇದೇ ಮಾರ್ಗವನ್ನು ಅನುಸರಿಸಿ ಅಮೆರಿಕದ ಅಂತರ್ದರ್ಶಕ ಶಸ್ತ್ರವೈದ್ಯರ ಸಂಘವು ೨೦೦೪ರಲ್ಲಿ ಒಂದು ಶಿಕ್ಷಣಕ್ರಮವನ್ನು ಹೊರತಂದಿತು. ಪೆಟ್ಟಿಗೆಯೊಳಗಿನ ಆರು ವಸ್ತುಗಳನ್ನು ಒಂದು ಚಿಮಟದಿಂದ ಎತ್ತಿ, ನಡುಗಾಳಿಯಲ್ಲಿ ಇನ್ನೊಂದಕ್ಕೆ ವರ್ಗಾಯಿಸಿ, ಗೂಟಗಳಿಗೆ ತೊಡಿಸುವುದು ಅದರ ಮೊದಲ ಪಾಠ. ಅಭ್ಯಾಸದ ಫಲವೇನೆಂಬುದಕ್ಕೆ ಯೇಲ್ ವಿಶ್ವವಿದ್ಯಾಲಯದವರು ೨೦೦೨ರಲ್ಲಿ ಪ್ರಕಟಿಸಿದ ಪರೀಕ್ಷೆಯೇ ಸಾಕ್ಷಿ. ೧೬ ಮಂದಿ ತರುಣ ವೈದ್ಯರಲ್ಲಿ ಅರ್ಧ ಮಂದಿಗೆ ಕಂಪ್ಯೂಟರ್ ಯಂತ್ರದಲ್ಲಿ ಮುಂಚಿತವಾಗಿ ಅಭ್ಯಾಸ ಕೊಡಲಾಗಿತ್ತು. ಆ ಅಭ್ಯಾಸವಿಲ್ಲದವರು ರೋಗಿಯ ಪಿತ್ತಕೋಶವನ್ನು ಗಾಯಗೊಳಿಸುವ ಅಥವಾ ಬೇರೆ ಭಾಗವನ್ನು ಸುಡುವ ಸಂಭವವು ಐದು ಪಟ್ಟು ಹೆಚ್ಚಾಗಿದ್ದಿತು.

ಇದರಿಂದ ಗೃಹಸ್ಥರು ತಿಳಿಯತಕ್ಕುದೇನು? ಮನೆಯಲ್ಲಿ ಯಾರಿಗಾದರೂ ಇಂತಹ ಶಸ್ತ್ರಕ್ರಿಯೆಯು ನಿಶ್ಚಯವಾದಾಗ, ಆಸ್ಪತ್ರೆಯಲ್ಲಿ ಹೊಸ ಯಂತ್ರವಿದೆಯೇ ಎಂದು ವಿಚಾರಿಸುವುದಕ್ಕಿಂತ ಮೊದಲು, ಕತ್ತರಿಯನ್ನು ಹಿಡಿಯುವವರು ಯಾರು, ಅವರು ಇಂತಹ ಕೆಲಸವನ್ನು ಎಷ್ಟು ಬಾರಿ ಮಾಡಿರುವರು, ಕಲಿಯುವವರು ಕೈಹಾಕುವುದಾದರೆ ಪಕ್ಕದಲ್ಲಿ ಹಿರಿಯರು ನಿಂತಿರುವರೇ ಎಂದು ವಿನಯದಿಂದಲೇ ಕೇಳಬೇಕು. ಯೋಗ್ಯನಾದ ವೈದ್ಯನು ಈ ಪ್ರಶ್ನೆಗಳಿಂದ ಬೇಸರಗೊಳ್ಳುವುದಿಲ್ಲ. ಕಿರುರಂಧ್ರದಲ್ಲಿ ಆರಂಭವಾದ ಕೆಲಸವು ನಡುವೆ ಹೊಟ್ಟೆಯನ್ನು ತೆರೆಯುವ ಶಸ್ತ್ರಕ್ರಿಯೆಯಾಗಿ ಮಾರ್ಪಟ್ಟರೆ ಅದನ್ನು ಸೋಲೆಂದು ಭಾವಿಸಲಾಗದು. ಕಾಣದುದನ್ನು ಕಂಡೆನೆಂದುಕೊಳ್ಳದ ವೈದ್ಯನ ಎಚ್ಚರಿಕೆಯೇ ಅನೇಕ ವೇಳೆ ಅದಕ್ಕೆ ಕಾರಣವಾಗಿರುವುದು. ಹೊಸ ವೈದ್ಯರು ಸಿದ್ಧರಾಗದೆ ಮುಂದಿನ ತಲೆಮಾರಿಗೆ ಚಿಕಿತ್ಸೆಯಿಲ್ಲ. ಆದರೆ ಅವರ ಮೊದಲ ನೂರು ತಪ್ಪುಗಳು ರಬ್ಬರಿನ ಉಂಗುರಗಳ ಮೇಲೆ ಕಳೆದುಹೋಗಲೆಂದು ಬಯಸುವುದು ಪ್ರತಿಯೊಂದು ಕುಟುಂಬದ ನ್ಯಾಯವಾದ ಹಕ್ಕಾಗಿದೆ.