ಕೊಬ್ಬು ಮಿತಿಯಲ್ಲಿದ್ದರೂ ಹೃದಯಕ್ಕೆ ಅಪಾಯವೇಕೆ?

ಹೆಚ್.ಐ.ವಿ. ಸೋಂಕಿನ ಮಾತು ನಮ್ಮ ಮನೆಗಳ ಪಡಸಾಲೆಯಲ್ಲಿ ಇಂದಿಗೂ ಪಿಸುಮಾತಾಗಿಯೇ ಉಳಿದಿದೆ. 1986ರಲ್ಲಿ ಅಂದಿನ ಮದರಾಸಿನಲ್ಲಿ ಇದು ಭಾರತದಲ್ಲಿ ಮೊದಲ ಬಾರಿಗೆ ಪತ್ತೆಯಾದಾಗ ಸಾವಿನ ಇನ್ನೊಂದು ಹೆಸರೇ ಆಗಿತ್ತು. 2004ರ ಏಪ್ರಿಲ್‌ನಿಂದ ಸರಕಾರವು ಔಷಧಿಯನ್ನು ಉಚಿತವಾಗಿ ಕೊಡತೊಡಗಿದ ಮೇಲೆ ಪರಿಸ್ಥಿತಿ ಬದಲಾಯಿತು. ನಿತ್ಯ ಗುಳಿಗೆ ತಪ್ಪಿಸದವರು ಐವತ್ತು ಅರವತ್ತು ದಾಟಿ ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಿದ್ದಾರೆ. ಆದರೆ ಅವರಲ್ಲಿ ಹೃದಯಾಘಾತದ ಸಂಭವ ಇತರರಿಗಿಂತ ಒಂದೂವರೆಯಿಂದ ಎರಡು ಪಟ್ಟು ಹೆಚ್ಚು.

ಇದರ ಮೂಲವನ್ನು ಕೊಲೆಸ್ಟರಾಲಿನಲ್ಲಿ ಮಾತ್ರ ಹುಡುಕಿದರೆ ದಾರಿ ತಪ್ಪುತ್ತೇವೆ. ಚಿಕಿತ್ಸೆಯಿಲ್ಲದ ಸೋಂಕಿನಲ್ಲಿ ಒಳ್ಳೆಯದೆನಿಸಿದ ಹೆಚ್.ಡಿ.ಎಲ್. ಮಾತ್ರವಲ್ಲ, ಕೆಟ್ಟದೆನಿಸಿದ ಎಲ್.ಡಿ.ಎಲ್. ಸಹ ಇಳಿಯುತ್ತದೆ. ಆದುದರಿಂದ ವರದಿಯ ಅಂಕಿಯನ್ನು ನೋಡಿ ನಿಶ್ಚಿಂತರಾಗುವಂತಿಲ್ಲ. ವೈರಾಣುವು ಆರಂಭದಲ್ಲಿಯೇ ಕರುಳಿನ ಒಳಪದರದ ರಕ್ಷಕ ಕಣಗಳನ್ನು ನಾಶಪಡಿಸುತ್ತದೆ. ಬೇಲಿ ಮುರಿದ ಹೊಲಕ್ಕೆ ದನ ನುಗ್ಗುವಂತೆ ಕರುಳಿನ ಸೂಕ್ಷ್ಮಜೀವಿಗಳ ಅಂಶಗಳು ರಕ್ತಕ್ಕೆ ನುಸುಳುತ್ತವೆ. ದೇಹದ ರೋಗನಿರೋಧಕ ವ್ಯವಸ್ಥೆ ಹಗಲಿರುಳು ಕೆರಳಿಯೇ ಇರುತ್ತದೆ. ಇದೇ ಉರಿಯೂತ. ಗುಳಿಗೆಯಿಂದ ವೈರಾಣು ಅಡಗಿದರೂ ಈ ಕಿಡಿ ಪೂರ್ತಿ ಆರುವುದಿಲ್ಲ. ಹೀಗೆ ನೊಂದ ರಕ್ತನಾಳದ ಗೋಡೆಯಲ್ಲಿ ಸಾಧಾರಣ ಪ್ರಮಾಣದ ಕೊಲೆಸ್ಟರಾಲೂ ಸುಲಭವಾಗಿ ನೆಲೆಯೂರುತ್ತದೆ. ಅದನ್ನು ನುಂಗಿದ ಬಿಳಿ ರಕ್ತಕಣಗಳು ಉರಿಯೂತವನ್ನು ಮತ್ತಷ್ಟು ಬೆಳೆಸುತ್ತವೆ.

2023ರಲ್ಲಿ ಪ್ರಕಟವಾದ ರಿಪ್ರೀವ್ ಎಂಬ ಅಧ್ಯಯನ ಇಲ್ಲಿ ಗಮನಾರ್ಹ. ಭಾರತವೂ ಸೇರಿ 12 ದೇಶಗಳ, 40ರಿಂದ 75ರ ವಯಸ್ಸಿನ 7,769 ಸೋಂಕಿತರು ಅದರಲ್ಲಿದ್ದರು. ಅವರಿಗೆ ಹೃದಯದ ಅಪಾಯ ಹೆಚ್ಚೇನೂ ಇಲ್ಲವೆಂದೇ ಲೆಕ್ಕ ಹೇಳುತ್ತಿತ್ತು. ಆದರೂ ನಿತ್ಯ ಪಿಟವಾಸ್ಟಾಟಿನ್ ಗುಳಿಗೆ ಸೇವಿಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದ ಆಪತ್ತುಗಳು ಶೇಕಡಾ 35ರಷ್ಟು ಕಡಿಮೆಯಾದವು. ಕೊಬ್ಬು ಇಳಿದುದರ ಜೊತೆಗೆ ಉರಿಯೂತ ತಗ್ಗಿದ್ದೂ ಇದಕ್ಕೆ ಕಾರಣವಿರಬಹುದೆಂದು ತಜ್ಞರು ಭಾವಿಸುತ್ತಾರೆ. ಸಕ್ಕರೆ ಕಾಯಿಲೆ ಮಾತ್ರ ಆ ಗುಂಪಿನಲ್ಲಿ ಸ್ವಲ್ಪ ಹೆಚ್ಚಾಗಿತ್ತು.

ನಮ್ಮವರು ಎಡವುವುದು ಗುಟ್ಟಿನಲ್ಲಿ. ಸೋಂಕಿನ ಔಷಧಿಗೆ ಒಬ್ಬ ವೈದ್ಯರು, ಎದೆನೋವಿಗೆ ಇನ್ನೊಬ್ಬರು; ಇವರಿಗೆ ಅದು ಗೊತ್ತಿಲ್ಲ. ರಿಟೊನಾವಿರ್ ಸೇವಿಸುತ್ತಿರುವವರಿಗೆ ಅರಿಯದೆ ಸಿಮ್ವಾಸ್ಟಾಟಿನ್ ಕೊಟ್ಟರೆ ಅದರ ಪ್ರಮಾಣ ರಕ್ತದಲ್ಲಿ ಹಲವು ಪಟ್ಟು ಏರಿ, ಸ್ನಾಯುಗಳು ಕರಗಿ, ಮೂತ್ರಪಿಂಡವೇ ಕೆಡಬಹುದು. ಮನೆಯವರಿಂದ ಮುಚ್ಚಿಟ್ಟರೂ ಚಿಂತೆಯಿಲ್ಲ, ಹೃದಯದ ವೈದ್ಯರೆದುರು ಎಲ್ಲ ಗುಳಿಗೆಗಳ ಹೆಸರನ್ನೂ ಹೇಳಿರಿ. ಒಪ್ಪಿಗೆಯಿಲ್ಲದೆ ಆ ಮಾತನ್ನು ಹೊರಗೆಡಹುವುದನ್ನು 2017ರ ಕಾಯಿದೆ ನಿಷೇಧಿಸಿದೆ.