ಕ್ರೀಡಾಪಟುಗಳ ಕಣಕಾಲಿನ ಗಾಯ ಮತ್ತು ಚೇತರಿಕೆ: ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ

ಕಳೆದ ಕೆಲವು ವರ್ಷಗಳಿಂದ ದೇಶದ ಅಗ್ರ ಕ್ರೀಡಾಪಟುಗಳು ಕಣಕಾಲಿನ ಗಾಯದ ಕಾರಣ ಮಹತ್ವದ ಸ್ಪರ್ಧೆಗಳಿಂದ ಹೊರಗುಳಿದ ಪ್ರಕರಣಗಳು ಮೇಲಿಂದ ಮೇಲೆ ವರದಿಯಾಗಿವೆ. 2022ರ ಆಗಸ್ಟ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಪಿ.ವಿ. ಸಿಂಧು ಅವರು ಎಡ ಕಣಕಾಲಿನ ಮೂಳೆಯ ಬಿರುಕಿನಿಂದಾಗಿ ಅದೇ ತಿಂಗಳ ವಿಶ್ವ ಚಾಂಪಿಯನ್‌ಷಿಪ್ ಕೈಬಿಟ್ಟು, 2023ರ ಜನವರಿಯಲ್ಲಿ ಅಂಕಣಕ್ಕೆ ಮರಳಿದರು. 2025ರ ಅಕ್ಟೋಬರ್ 26ರಂದು ನವಿ ಮುಂಬಯಿಯಲ್ಲಿ ಗಾಯಗೊಂಡ ಪ್ರತಿಕಾ ರಾವಲ್ ಅವರು, ಒಂದು ವಾರದ ನಂತರ ತಮ್ಮ ತಂಡವು ಮಹಿಳಾ ವಿಶ್ವಕಪ್ ಗೆದ್ದಾಗ ಗಾಲಿಕುರ್ಚಿಯಲ್ಲಿ ಕುಳಿತೇ ಸಂಭ್ರಮದಲ್ಲಿ ಭಾಗವಹಿಸಬೇಕಾಯಿತು.

ಇವೆಲ್ಲಕ್ಕಿಂತ ಹೆಚ್ಚು ಗಮನಿಸತಕ್ಕದ್ದು ಹಾರ್ದಿಕ್ ಪಾಂಡ್ಯ ಅವರ ಪ್ರಕರಣ. 2023ರ ಅಕ್ಟೋಬರ್ 19ರಂದು ಪುಣೆಯಲ್ಲಿ ಬಾಂಗ್ಲಾದೇಶದ ವಿರುದ್ಧದ ವಿಶ್ವಕಪ್ ಪಂದ್ಯದಲ್ಲಿ ತಮ್ಮದೇ ಎಸೆತದಲ್ಲಿ ಬಂದ ಚೆಂಡನ್ನು ಕಾಲಿನಿಂದ ತಡೆಯಲು ಹೋಗಿ ಅವರ ಎಡ ಕಣಕಾಲು ತಿರುಚಿಕೊಂಡಿತು. ಮೂರು ಎಸೆತಗಳಿಗೇ ನಿಂತ ಆ ಓವರನ್ನು ವಿರಾಟ್ ಕೊಹ್ಲಿ ಪೂರ್ಣಗೊಳಿಸಿದರು. ಚಿಕಿತ್ಸೆ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ನಡೆಯಿತು. ನವೆಂಬರ್ 4ರಂದು ಅವರ ಸ್ಥಾನಕ್ಕೆ ಕರ್ನಾಟಕದ ವೇಗಿ ಪ್ರಸಿದ್ಧ್ ಕೃಷ್ಣ ಆಯ್ಕೆಯಾದರು. ಮೂಲತಃ ಸುಮಾರು 25 ದಿನಗಳಲ್ಲಿ ವಾಸಿಯಾಗಬಹುದಾಗಿದ್ದ ಗಾಯವು, ಬೇಗ ಮರಳಬೇಕೆಂಬ ಆತುರದಿಂದ ಚುಚ್ಚುಮದ್ದು ಪಡೆದು ಓಡಲು ಯತ್ನಿಸಿದ್ದರಿಂದ ಮರುಕಳಿಸಿ ಮೂರು ತಿಂಗಳ ಗಾಯವಾಯಿತೆಂದು ಅವರೇ 2024ರಲ್ಲಿ ತಿಳಿಸಿದ್ದಾರೆ. ವಿಶ್ವಕಪ್ ಆಡುವ ಹಂಬಲವನ್ನು ತಪ್ಪೆನ್ನಲಾಗದು. ಆದರೆ ದೇಶದಲ್ಲೇ ಉತ್ತಮವಾದ ವೈದ್ಯಕೀಯ ವ್ಯವಸ್ಥೆ ಬೆನ್ನಿಗಿದ್ದರೂ ಅಸ್ಥಿರಜ್ಜು ತನ್ನ ಕಾಲಾವಧಿಯನ್ನು ಕಡಿಮೆ ಮಾಡಿಕೊಳ್ಳಲಿಲ್ಲ. ಅವರು ಮತ್ತೆ ಸ್ಪರ್ಧಾತ್ಮಕ ಪಂದ್ಯಗಳಿಗೆ ಮರಳಿದ್ದು 2024ರ ಆರಂಭದ ತಿಂಗಳುಗಳಲ್ಲಿ. ಅದೇ ವರ್ಷ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಟಿ-20 ವಿಶ್ವಕಪ್ ಅಂತಿಮ ಪಂದ್ಯದ ಕೊನೆಯ ಓವರ್ ಎಸೆದವರೂ ಅವರೇ.

ಕಣಕಾಲು ಉಳುಕಿದಾಗ ಸಾಮಾನ್ಯವಾಗಿ ಪಾದವು ಒಳಮುಖವಾಗಿ ಮಡಚಿ, ಹೊರಬದಿಯ ಅಸ್ಥಿರಜ್ಜುಗಳು ಹಿಗ್ಗುತ್ತವೆ ಅಥವಾ ಹರಿಯುತ್ತವೆ. ಸೌಮ್ಯ ಉಳುಕು ಒಂದರಿಂದ ಮೂರು ವಾರಗಳಲ್ಲಿ ಗುಣವಾದರೆ, ಪೂರ್ಣ ಹರಿದಿದ್ದಲ್ಲಿ ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಬೇಕಾಗಬಹುದು. ಊತ ಇಳಿದ ಮಾತ್ರಕ್ಕೆ ಕಾಲು ಸಿದ್ಧವಾಯಿತೆಂದು ಭಾವಿಸುವಂತಿಲ್ಲ. ಗಾಯವಾದ ಕಾಲೊಂದರ ಮೇಲೆಯೇ ಸಮತೋಲನದಿಂದ ನಿಲ್ಲಲು, ಜಿಗಿಯಲು, ಓಡುತ್ತಾ ದಿಕ್ಕು ಬದಲಿಸಲು ನೋವಿಲ್ಲದೆ ಸಾಧ್ಯವಾಗುವುದೇ ಮೈದಾನಕ್ಕೆ ಮರಳಲು ಅಳತೆಗೋಲಾಗಿರುತ್ತದೆ. ಸಮತೋಲನದ ವ್ಯಾಯಾಮ ಮಾಡದೆ ಮರಳಿದವರಲ್ಲಿ ಅದೇ ಕಾಲು ಪದೇ ಪದೇ ಉಳುಕುವ ಸಂಭವ ಹೆಚ್ಚು.

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಭಾಗದಲ್ಲಿ ಈ ವಿಷಯವು ಕ್ರಿಕೆಟ್ ಸುದ್ದಿಗೆ ಸೀಮಿತವಲ್ಲ. ಜಾತ್ರೆಯ ಕುಸ್ತಿ ಕಣಗಳಲ್ಲಿ, ಮಣ್ಣಿನ ಕಬಡ್ಡಿ ಅಂಕಣಗಳಲ್ಲಿ ಹಾಗೂ ಸೇನೆ ಮತ್ತು ಪೊಲೀಸ್ ನೇಮಕಾತಿಯ 1,600 ಮೀಟರ್ ಓಟಕ್ಕಾಗಿ ಬೆಳಗಿನ ಜಾವ ಕಬ್ಬಿನ ಗದ್ದೆಗಳ ನಡುವಿನ ರಸ್ತೆಯಂಚಿನಲ್ಲಿ ಅಭ್ಯಾಸ ಮಾಡುವ ಯುವಕರಲ್ಲಿ ಇದೇ ಗಾಯ ಉಂಟಾಗುತ್ತದೆ. ನೇಮಕಾತಿಯ ದಿನಾಂಕವು ಗಾಯಕ್ಕಾಗಿ ಮುಂದಕ್ಕೆ ಹೋಗುವುದಿಲ್ಲ, ವಯೋಮಿತಿಯೂ ಕಾಯುವುದಿಲ್ಲ. ಆದ್ದರಿಂದ ಎಣ್ಣೆ ಹಚ್ಚಿ ತಿಕ್ಕಿಸಿ, ಬಿಗಿಯಾಗಿ ಬಟ್ಟೆ ಕಟ್ಟಿ ಓಡುವುದು ರೂಢಿ. ಮೊದಲ ಎರಡು-ಮೂರು ದಿನಗಳಲ್ಲಿ ಬಲವಾಗಿ ತಿಕ್ಕುವುದರಿಂದ ಒಳರಕ್ತಸ್ರಾವ ಹಾಗೂ ಊತ ಹೆಚ್ಚುತ್ತವೆ.

ಇಲ್ಲಿ ಅರ್ಜಿದಾರರು ಅರಿತಿರಬೇಕಾದ ಒಂದು ಅಂಶವಿದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯು 2018ರಿಂದ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ಸೌಲಭ್ಯ ಕಲ್ಪಿಸಿದೆ. ಸಹಕಾರ ಸಂಘಗಳ ಸದಸ್ಯರಿಗಾಗಿ ಇರುವ ಯಶಸ್ವಿನಿ ಯೋಜನೆಯೂ 2022-23ರಿಂದ ಮರುಜಾರಿಯಾಗಿದೆ. ವಿದ್ಯುತ್ತನ್ನೂ ಸಹಕಾರ ಸಂಘದ ಮೂಲಕವೇ ಪಡೆಯುವ ಹುಕ್ಕೇರಿಯಂತಹ ತಾಲ್ಲೂಕಿಗೆ ಇದು ಅಪರಿಚಿತವಲ್ಲ. ಆದರೆ ಇಂತಹ ಯೋಜನೆಗಳು ಮುಖ್ಯವಾಗಿ ಒಳರೋಗಿ ಚಿಕಿತ್ಸೆ ಮತ್ತು ಶಸ್ತ್ರಚಿಕಿತ್ಸೆಯನ್ನು ಆಧರಿಸಿವೆ. ಬಹುಪಾಲು ಉಳುಕುಗಳಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಇರುವುದಿಲ್ಲ. ಬೇಕಾಗುವುದು ವಾರಗಟ್ಟಲೆ ಹೊರರೋಗಿಯಾಗಿ ಪಡೆಯುವ ಭೌತಚಿಕಿತ್ಸೆ. ಪ್ರತಿ ಭೇಟಿಯ ಬಸ್ ದರ ಹಾಗೂ ಕಳೆದುಹೋದ ದಿನಗೂಲಿಯನ್ನು ಲೆಕ್ಕ ಹಾಕಿದರೆ, ಯಾವ ಕಾರ್ಡಿನಲ್ಲೂ ನಮೂದಾಗದ ಈ ವೆಚ್ಚವೇ ಕುಟುಂಬಕ್ಕೆ ಭಾರವಾಗುತ್ತದೆ. ಅರ್ಧಕ್ಕೇ ಚಿಕಿತ್ಸೆ ನಿಲ್ಲಿಸಲು ನಿರ್ಲಕ್ಷ್ಯಕ್ಕಿಂತ ಹೆಚ್ಚಾಗಿ ಇದೇ ಕಾರಣವೆನ್ನಬಹುದು. ವ್ಯಾಯಾಮ ಕ್ರಮವನ್ನು ಮೊದಲ ಭೇಟಿಯಲ್ಲೇ ಬರೆಯಿಸಿಕೊಂಡು ಮನೆಯಲ್ಲಿ ಮುಂದುವರಿಸಿದಲ್ಲಿ ಭೇಟಿಗಳ ಸಂಖ್ಯೆಯನ್ನು ಕಡಿಮೆ ಮಾಡಿಕೊಳ್ಳಬಹುದು.

ಗಾಯವಾದ ಕೂಡಲೇ ನಾಲ್ಕು ಹೆಜ್ಜೆ ಇಡಲೂ ಆಗದಿದ್ದಲ್ಲಿ ಅಥವಾ ಕಣಕಾಲಿನ ಗಂಟಿನ ಮೂಳೆಯನ್ನು ಒತ್ತಿದಾಗ ನೋವಾದಲ್ಲಿ ಮೂಳೆ ಮುರಿದಿರುವ ಸಾಧ್ಯತೆ ಇರುವುದರಿಂದ ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್-ರೇ ಮಾಡಿಸತಕ್ಕದ್ದು. ಶಸ್ತ್ರಚಿಕಿತ್ಸೆ ಅಗತ್ಯವೆಂದು ವೈದ್ಯರು ತಿಳಿಸಿದಲ್ಲಿ, ಖಾಸಗಿ ಆಸ್ಪತ್ರೆಗೆ ದಾಖಲಾಗುವ ಮುನ್ನ ಶಿಫಾರಸು ಪತ್ರವನ್ನು ಸರ್ಕಾರಿ ಆಸ್ಪತ್ರೆಯಿಂದ ಪಡೆಯುವುದು ಸೂಕ್ತ. ಹೊರರೋಗಿ ಚೀಟಿ, ಎಕ್ಸ್-ರೇ ವರದಿ, ಆಧಾರ್ ಹಾಗೂ ಪಡಿತರ ಚೀಟಿಯ ಪ್ರತಿಗಳನ್ನು ಒಟ್ಟಿಗೆ ಇಟ್ಟುಕೊಳ್ಳುವುದು. ರಾಷ್ಟ್ರೀಯ ಮಟ್ಟದಲ್ಲಿ ಸ್ಪರ್ಧಿಸಿ ಸಂಕಷ್ಟದಲ್ಲಿರುವ ಕ್ರೀಡಾಪಟುಗಳಿಗೆ 1982ರಲ್ಲಿ ಸ್ಥಾಪಿತವಾದ ಕೇಂದ್ರದ ಕ್ರೀಡಾಪಟುಗಳ ರಾಷ್ಟ್ರೀಯ ಕಲ್ಯಾಣ ನಿಧಿಯಿಂದ ಚಿಕಿತ್ಸಾ ನೆರವು ಕೋರಲು ಅವಕಾಶವಿದ್ದು, ಅಂಥವರು ಸ್ಪರ್ಧೆಯ ಪ್ರಮಾಣಪತ್ರಗಳನ್ನೂ ಇವುಗಳೊಂದಿಗೆ ಲಗತ್ತಿಸಬೇಕಾಗುತ್ತದೆ.