ಮಳಿಗೆಯ ಸೂರು, ಪುರಸಭೆಯ ವಹಿ
ಈ ವಾರ ಅಂಗಿ ಹೊಲಿಯಲು ಕೊಡೋಣವೆಂದು ಬಸ್ ನಿಲ್ದಾಣದ ಪಕ್ಕದ ಪುರಸಭೆ ಮಳಿಗೆಗೆ ಹೋಗಿದ್ದೆ. ಟೈಲರ್ ತಮ್ಮ ಹೊಲಿಗೆ ಯಂತ್ರವನ್ನು ಗೋಡೆಯಿಂದ ಎರಡು ಮೊಳ ಈಚೆಗೆ ಎಳೆದುಕೊಂಡಿದ್ದರು. ಮೇಲೆ ನೋಡಿದರೆ ಸೂರಿನ ಗಾರೆ ಉದುರಿ, ತುಕ್ಕು ಹಿಡಿದ ಕಂಬಿ ಕಾಣುತ್ತಿತ್ತು. ‘ಬಾಡಿಗೆ ತಪ್ಪದೆ ಕಟ್ತೀನಿ ಸಾರ್, ರಿಪೇರಿ ಅಂದ್ರೆ ಮಾತ್ರ ದುಡ್ಡಿಲ್ಲ ಅಂತಾರೆ’ ಎಂದರು. ಹಸು ಕೊಳ್ಳುವ ರೈತ ಮೊದಲು ಮೇವಿನ ಲೆಕ್ಕ ಹಾಕುತ್ತಾನೆ. ನಮ್ಮ ಎಷ್ಟೋ ಪುರಸಭೆಗಳು ಅನುದಾನ ಬಂದಾಗ ಕಟ್ಟಡ ಕಟ್ಟುತ್ತವೆ, ಅದರ ಮೇವಿನ ಮಾತೇ ಎತ್ತುವುದಿಲ್ಲ. ಆಮೇಲೆ ಸುಣ್ಣಬಣ್ಣಕ್ಕೆ, ಪಂಪ್‌ಸೆಟ್ ರಿಪೇರಿಗೆ, ಒಡೆದ ಪೈಪಿಗೆ ಮನೆ ಕಂದಾಯ, ನೀರಿನ ಕರ, ಮಳಿಗೆ ಬಾಡಿಗೆಯಂಥ ಸ್ವಂತ ಆದಾಯವೇ ಹೆಚ್ಚಾಗಿ ಗತಿ. ಕರ್ನಾಟಕದ ಪುರಸಭೆಗಳಿಗೆ 2006ರಲ್ಲೇ ಹೊಸ ಲೆಕ್ಕಪತ್ರ ನಿಯಮಗಳು ಬಂದವು. ಬರೀ ಜಮಾ-ಖರ್ಚು ಸಾಲದು, ಆಸ್ತಿಯನ್ನೂ ಅದರ ಸವಕಳಿಯನ್ನೂ ವಹಿಯಲ್ಲಿ ತೋರಿಸಬೇಕು ಎಂಬುದು ಅವುಗಳ ತಿರುಳು. 15ನೇ ಹಣಕಾಸು ಆಯೋಗವೂ ಅನುದಾನ ಬೇಕಾದರೆ ಪರಿಶೋಧನೆಯಾದ ಲೆಕ್ಕಪತ್ರಗಳನ್ನು ಜನರ ಮುಂದಿಡಿ ಎಂದು ಷರತ್ತು ಹಾಕಿತು. ಸವಕಳಿ ಎಂದರೇನೆಂದು ತಿಳಿಯಬೇಕಿದ್ದರೆ ಆ ಟೈಲರ್ ತಲೆಯ ಮೇಲಿನ ಕಂಬಿ ನೋಡಬೇಕು. ಬಾಡಿಗೆಯ ಒಂದು ಪಾಲನ್ನು ಅದೇ ಕಟ್ಟಡದ ದುರಸ್ತಿಗೆಂದು ಬೇರೆ ಖಾತೆಯಲ್ಲಿ ತೆಗೆದಿಡದ ಪುರಸಭೆ ಹೊಸ ಸಂಕೀರ್ಣಕ್ಕೆ ಕೈ ಹಾಕಕೂಡದು. ನಿಮ್ಮ ವಾರ್ಡಿನ ಸದಸ್ಯರು ಸಿಕ್ಕಾಗ, ಇನ್ನೊಂದು ಕಟ್ಟಡ ಕೇಳುವ ಮೊದಲು ಆಸ್ತಿ ವಹಿ ಎಲ್ಲಿದೆ ಎಂದು ಕೇಳಿ.